ಅಮ್ಮನಿಗೆ ಹೇಳಿದ ಮಾಲ್ಗುಡಿ

ನಮ್ಮ ಮನೆಗೆ ಟೀವಿ ಬಂದದ್ದು ಅಕ್ಕನ ಮದುವೆ ಗೊತ್ತಾಗುವುದಕ್ಕೆ ಒಂದು ವರ್ಷ ಮೊದಲು. ಆಗ ನಾವು ರಾಜಾಜಿನಗರದ ರಾಮಮಂದಿರದ ಹಿಂದಿನ ಒಂದು ವಠಾರದಲ್ಲಿದ್ದೆವು. ಸಾಲಾಗಿ ಐದು ಮನೆ, ಮಧ್ಯೆ ಒಂದೇ ನಲ್ಲಿ, ಮಹಡಿಯ ಮೇಲೆ ಮಾಲೀಕರು. ಅಪ್ಪ ಕಾರ್ಖಾನೆಯ ಸೊಸೈಟಿಯಲ್ಲಿ ಸಾಲ ತೆಗೆದು ತಂದ ಕಪ್ಪುಬಿಳುಪಿನ ಪೆಟ್ಟಿಗೆ ಅದು. ಅದಕ್ಕೆ ಎಳೆದು ಮುಚ್ಚುವ ಮರದ ಬಾಗಿಲು ಬೇರೆ. ಅಮ್ಮ ಅದರ ಮೇಲೆ ಕ್ರೋಷಾದಲ್ಲಿ ಹೆಣೆದ ಬಟ್ಟೆ ಹಾಸಿ, ಚನ್ನಪಟ್ಟಣದ ಎರಡು ಗೊಂಬೆ ಕೂರಿಸಿದ್ದಳು. ಮಹಡಿಯ ಮೇಲಿನ ಆಂಟೆನಾದ ಮೇಲೆ ಕಾಗೆ ಕೂತರೆ ಚಿತ್ರ ಅಲುಗಾಡುತ್ತಿತ್ತು. ಆಗ ನನ್ನ ತಮ್ಮ ಮೇಲೆ ಓಡಿ, 'ಈಗ ಬಂತಾ? ಈಗ ಬಂತಾ?' ಎಂದು ಕೂಗುತ್ತಿದ್ದ. ನಿಮ್ಮ ಮನೆಯಲ್ಲೂ ಇಂಥ ಒಬ್ಬ ತಮ್ಮನಿದ್ದಿರಬೇಕು.

ಸಂಜೆಯ ಹೊತ್ತು ಬೆಂಗಳೂರು ಕೇಂದ್ರದ ಕನ್ನಡ ಕಾರ್ಯಕ್ರಮ. ಅಷ್ಟು ಹೊತ್ತು ವಠಾರದ ಹೆಂಗಸರೆಲ್ಲ ನಮ್ಮ ಮನೆಯಲ್ಲೇ. ಹೂ ಕಟ್ಟುವವರು, ಅವರೆಕಾಯಿ ಬಿಡಿಸುವವರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡವರು. ಅದು ಮುಗಿದು ರಾಷ್ಟ್ರೀಯ ಕಾರ್ಯಕ್ರಮ ಬಂತೆಂದರೆ ಸಾಕು, 'ಇನ್ನು ದೆಹಲಿ ಶುರುವಾಯ್ತು' ಎಂದು ಒಬ್ಬೊಬ್ಬರೇ ಸೆರಗು ಕೊಡವಿ ಏಳುತ್ತಿದ್ದರು. ದೆಹಲಿ ಎಂದರೆ ಹಿಂದಿ. ಹಿಂದಿ ಎಂದರೆ ಅಡುಗೆಗೆ ಏಳುವ ಹೊತ್ತು.

ಹಾಗೆ ಏಳದೆ ಅವರೆಲ್ಲ ಕೂತು ನೋಡಿದ ಧಾರಾವಾಹಿ ನನಗೆ ನೆನಪಿರುವಂತೆ ಒಂದೇ. 'ಮಾಲ್ಗುಡಿ ಡೇಸ್.' ಆರ್. ಕೆ. ನಾರಾಯಣರ ಕತೆಗಳನ್ನು ನಮ್ಮ ಶಂಕರ್‌ನಾಗ್ ನಿರ್ದೇಶಿಸಿದ, ಟಿ. ಎಸ್. ನರಸಿಂಹನ್ ನಿರ್ಮಿಸಿದ ಮಾಲೆ. ಶುರುವಿನಲ್ಲಿ ಆರ್. ಕೆ. ಲಕ್ಷ್ಮಣ್ ಅವರ ಗೆರೆಚಿತ್ರಗಳು, ಹಿನ್ನೆಲೆಗೆ ಎಲ್. ವೈದ್ಯನಾಥನ್ ಅವರ ರಾಗ. ಆ ರಾಗ ಕೇಳಿದರೆ ಎರಡನೇ ಮನೆಯ ಅಜ್ಜಿ ಕೂಡ ಗೋಡೆ ಹಿಡಿದುಕೊಂಡು ಬಂದು ಕೂರುತ್ತಿದ್ದರು. ಹೆಚ್ಚಾಗಿ ಒಂದೊಂದು ಕಂತಿಗೆ ಒಂದೊಂದು ಕತೆ. ಹಿಂದಿನ ವಾರ ನೋಡದಿದ್ದರೂ ನಷ್ಟವಿಲ್ಲ. ಆದರೆ 'ಸ್ವಾಮಿ ಮತ್ತು ಅವನ ಗೆಳೆಯರು' ವಾರಗಟ್ಟಲೆ ನಡೆಯಿತು. ಅದನ್ನು ತಪ್ಪಿಸಿಕೊಂಡವರು ವಠಾರದಲ್ಲಿ ಯಾರೂ ಇರಲಿಲ್ಲ.

ಆದರೆ ಅದೂ ಹಿಂದಿಯೇ ಅಲ್ಲವೇ? ಹೌದು. ಮೊದಲ ಹದಿಮೂರು ಕಂತುಗಳು ಇಂಗ್ಲಿಷಿನಲ್ಲೂ ತಯಾರಾದವು. ಕನ್ನಡದಲ್ಲಿ ಮಾತ್ರ ಒಂದೂ ಇರಲಿಲ್ಲ. ನಿರ್ದೇಶಕ ಕನ್ನಡದವನು. ಸ್ವಾಮಿಯ ಅಪ್ಪ ಗಿರೀಶ್ ಕಾರ್ನಾಡ್, ಅಮ್ಮ ವೈಶಾಲಿ ಕಾಸರವಳ್ಳಿ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್‌ನಾಗ್. ಊರು ನಮ್ಮ ಶಿವಮೊಗ್ಗ ಜಿಲ್ಲೆಯ ಆಗುಂಬೆ. ಇವರೆಲ್ಲ ಅಲ್ಲಿ ಜಗಲಿಯ ಮೇಲೆ ಕೂತು ಹಿಂದಿಯಲ್ಲಿ ಮಾತನಾಡುತ್ತಿದ್ದರು. 'ನಮ್ಮೋರೇ, ನಮ್ಮ ಮಾತು ಮಾತ್ರ ಆಡಲ್ಲ' ಎಂದು ಎರಡನೇ ಮನೆಯ ಅಜ್ಜಿ ಪ್ರತಿ ವಾರವೂ ಹೇಳುತ್ತಿದ್ದರು. ದೊಡ್ಡ ಕೆಲಸಕ್ಕೆ ಸೇರಿ ತವರಿಗೆ ಬಂದಾಗ ಇಂಗ್ಲಿಷ್ ಮಾತಾಡುವ ಮಗನ ಬಗ್ಗೆ ಹೇಳಿದ ಹಾಗಿರುತ್ತಿತ್ತು ಅದು. ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು.

ಹಾಗಾಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹಿಂದಿ ಪ್ರಥಮ, ಮಧ್ಯಮ ಪರೀಕ್ಷೆ ಕಟ್ಟಿ ಪಾಸಾಗಿದ್ದೆ. ಟೀವಿಯ ಪಕ್ಕದಲ್ಲಿ, ಗೋಡೆಗೆ ಒರಗಿ ನನ್ನ ಜಾಗ. ಶಬ್ದ ಸ್ವಲ್ಪ ಕಡಿಮೆ ಮಾಡುವುದು, ಪಾತ್ರ ಎರಡು ಮಾತು ಆಡಿದ ಮೇಲೆ ನಾನು ಒಂದು ಮಾತಿನಲ್ಲಿ ಹೇಳುವುದು. 'ಏನಂತೆ?' ಎಂದು ಅಮ್ಮ. 'ದುಡ್ಡು ಕೊಡಲ್ಲ ಅಂತಾನೆ' ಎಂದು ನಾನು. 'ಅಷ್ಟುದ್ದ ಮಾತಾಡಿದನಲ್ಲೇ?' 'ಅಷ್ಟುದ್ದಕ್ಕೂ ಅದೇ ಅಮ್ಮ.' ನನಗೆ ಗೊತ್ತಾಗದ ಮಾತು ಬಂದರೂ ಇದೇ ಉತ್ತರ.

ಇದು ನಮ್ಮ ವಠಾರದ ಏರ್ಪಾಡು ಮಾತ್ರ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಅಕ್ಕ ಮದುವೆಯಾಗಿ ಇಂಗ್ಲೆಂಡಿಗೆ ಹೋದಳು. ಎಷ್ಟೋ ವರ್ಷದ ಮೇಲೆ ನಾನು ಅವಳ ಮನೆಯಲ್ಲಿ ಒಂದು ತಿಂಗಳಿದ್ದಾಗ, ಪಕ್ಕದ ಮನೆಯ ಹೆಂಗಸು ಚಹಾಕ್ಕೆ ಬಂದವರು ತಮ್ಮ ಬಾಲ್ಯದ ಟೀವಿಯ ಮಾತು ತೆಗೆದರು. ಅವರು ಹೇಳಿದ್ದು ಕೇಳಿ ನನಗೆ ನಮ್ಮ ವಠಾರವೇ ಕಣ್ಣ ಮುಂದೆ ಬಂತು.

1964ರಿಂದ ಬಿಬಿಸಿಯಲ್ಲಿ ಮಕ್ಕಳಿಗಾಗಿ 'ಟೇಲ್ಸ್ ಫ್ರಮ್ ಯೂರೋಪ್' ಎಂಬ ಮಾಲೆ ಬರುತ್ತಿತ್ತು. ಯೂರೋಪಿನ ಬೇರೆ ಬೇರೆ ದೇಶದವರು ತಮ್ಮ ಮಕ್ಕಳಿಗಾಗಿ ತೆಗೆದ ಚಿತ್ರಗಳನ್ನು ಪೆಗಿ ಮಿಲ್ಲರ್ ಎಂಬ ನಿರ್ಮಾಪಕಿ ಆರಿಸಿ ತಂದು, ಕಂತುಗಳಾಗಿ ಕತ್ತರಿಸಿ, ಇಂಗ್ಲಿಷ್ ಮಕ್ಕಳಿಗೆ ತೋರಿಸಿದರು. ಅವುಗಳಲ್ಲಿ ಎಲ್ಲರ ನೆನಪಿನಲ್ಲಿ ಉಳಿದದ್ದು ಒಂದು ಜರ್ಮನ್ ಚಿತ್ರ. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ 'ಹಾಡುವ, ಕಿಣಿಕಿಣಿಸುವ ಮರ'. ಪೂರ್ವ ಜರ್ಮನಿಯ ಡೆಫಾ ಸ್ಟುಡಿಯೋದಲ್ಲಿ 1957ರಲ್ಲಿ ಫ್ರಾನ್ಸೆಸ್ಕೊ ಸ್ಟೆಫಾನಿ ತೆಗೆದದ್ದು. ಸೊಕ್ಕಿನ ರಾಜಕುಮಾರಿ, ಅವಳಿಗಾಗಿ ಮರ ತರಲು ಹೋಗಿ ಕರಡಿಯಾಗುವ ರಾಜಕುಮಾರ, ಕೆಡುಕ ಕುಳ್ಳ, ಕೊಳದಲ್ಲಿ ಒಂದು ದೈತ್ಯ ಮೀನು. ಸೊಕ್ಕು ಇಳಿದು ಪ್ರೀತಿ ಹುಟ್ಟಿದಾಗ ಮಾತ್ರ ಮರ ಹಾಡುತ್ತದೆ. ನಮ್ಮ ಅಜ್ಜಿಯರು ಹೇಳುವ ಕತೆಗಳಿಗೆ ತೀರ ದೂರದ್ದೇನಲ್ಲ.

ಬಿಬಿಸಿಯವರು ಅದಕ್ಕೆ ಇಂಗ್ಲಿಷ್ ಮಾತು ಜೋಡಿಸಲಿಲ್ಲ. ಜರ್ಮನ್ ಮಾತನ್ನು ಹಾಗೆಯೇ ಬಿಟ್ಟು, ಅದರ ಶಬ್ದ ತಗ್ಗಿಸಿ, ಮೇಲೆ ಒಬ್ಬನೇ ಒಬ್ಬ ಕತೆಗಾರನ ದನಿಯನ್ನು ಇಟ್ಟರು. ಟೋನಿ ಬಿಲ್ಬೋ ಎಂಬಾತನ ದನಿ. ರಾಜಕುಮಾರಿ ಜರ್ಮನಿನಲ್ಲಿ ರೇಗುತ್ತಾಳೆ, ಆತ ಇಂಗ್ಲಿಷಿನಲ್ಲಿ 'ಬೇಡ ಎಂದಳು' ಎನ್ನುತ್ತಾನೆ. ಚಿತ್ರ ಬಣ್ಣದ್ದು, ಆದರೆ ಆ ಮಕ್ಕಳು ಮೊದಲು ನೋಡಿದ್ದು ನಮ್ಮ ಹಾಗೆಯೇ ಕಪ್ಪುಬಿಳುಪಿನಲ್ಲಿ. ಪಕ್ಕದ ಮನೆಯವರು ಹೇಳಿದರು: 'ಕುಳ್ಳನನ್ನು ಕಂಡು ಹೆದರಿ ಸೋಫಾದ ಹಿಂದೆ ಅಡಗುತ್ತಿದ್ದೆವು. ಆದರೆ ಆ ದನಿ ಇತ್ತಲ್ಲ, ಅದು ಪಕ್ಕದಲ್ಲಿ ಯಾರೋ ದೊಡ್ಡವರು ಕೂತ ಹಾಗಿತ್ತು.'

ನಾನು ಅಕ್ಕನ ಮುಖ ನೋಡಿದೆ. ಅವಳು ನಕ್ಕು, 'ನೀನೇ ನಮ್ಮ ವಠಾರದ ಬಿಬಿಸಿ' ಎಂದಳು.

ಅಂದಿನಿಂದ ನನಗೊಂದು ಪ್ರಶ್ನೆ. ಒಂದು ಭಾಷೆಯ ಚಿತ್ರವನ್ನು ಇನ್ನೊಂದು ಭಾಷೆಯವರಿಗೆ ಹೇಗೆ ಮುಟ್ಟಿಸಬೇಕು? ಬಾಯಿಗೆ ಬೇರೆ ಮಾತು ತುಂಬಿಯೋ, ಪಕ್ಕದಲ್ಲಿ ಕೂತು ಹೇಳಿಯೋ? 'ಮಾಲ್ಗುಡಿ ಡೇಸ್' ಅನ್ನು ಈ ಪ್ರಶ್ನೆ ಇಟ್ಟುಕೊಂಡೇ ನಾನು ಮತ್ತೆ ಮತ್ತೆ ನೋಡಿದ್ದೇನೆ.

ಮೊದಲು ಮಾಲ್ಗುಡಿಯ ಭಾಷೆ ಯಾವುದು ಎಂದು ಕೇಳಿಕೊಳ್ಳೋಣ. ಮಲ್ಲೇಶ್ವರದ 'ಮಲ್', ಬಸವನಗುಡಿಯ 'ಗುಡಿ' ಸೇರಿ ಮಾಲ್ಗುಡಿ ಆಯಿತು ಎಂದು ಬೆಂಗಳೂರಿನವರೆಲ್ಲ ಹೇಳುತ್ತೇವೆ. ನಾರಾಯಣರು ಬರೆದುಕೊಂಡದ್ದು ಬೇರೆ. ಬೆಂಗಳೂರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಗ, ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನ ಬರೆಯಲು ಕೂತಾಗ, ಒಂದು ಪುಟ್ಟ ರೈಲು ನಿಲ್ದಾಣದ ಜೊತೆ ಆ ಊರು ತಾನಾಗಿ ಕಣ್ಣಿಗೆ ಬಂತಂತೆ. 1930ರ ಮಾತು. ಪುಸ್ತಕ ಅಚ್ಚಾದದ್ದು 1935ರಲ್ಲಿ. ಅವರು ಬರೆದದ್ದು ಇಂಗ್ಲಿಷಿನಲ್ಲಿ. ಆದರೆ ಸ್ವಾಮಿಯ ಅಜ್ಜಿ ಅಡಿಕೆ ಏಲಕ್ಕಿಯ ಮಧ್ಯೆ ಕೂತು ಮೊಮ್ಮಗನಿಗೆ ಇಂಗ್ಲಿಷಿನಲ್ಲಿ ಕತೆ ಹೇಳಿರಲಾರಳು. ತಮಿಳೋ ಕನ್ನಡವೋ ಮಾತಾಡುವ ಮನೆಗಳ ಬದುಕು ಮೈಸೂರಿನ ಒಬ್ಬ ಲೇಖಕರ ಕೈಯಲ್ಲಿ ಇಂಗ್ಲಿಷಾಯಿತು. ಅಲ್ಲಿಂದ ಆಗುಂಬೆಗೆ ಬಂದು ಹಿಂದಿಯಾಯಿತು. ಕೊನೆಗೆ ರಾಜಾಜಿನಗರದ ವಠಾರದಲ್ಲಿ ನನ್ನ ಬಾಯಲ್ಲಿ ಕನ್ನಡವಾಯಿತು. ತವರಿಂದ ಹೊರಟವಳು ಮೂರು ಊರು ಸುತ್ತಿ ತವರಿನ ಬೀದಿಗೇ ಬಂದು ನಿಂತ ಹಾಗೆ.

ಹೀಗೆ ಸುತ್ತಿ ಬಂದರೂ ಅಮ್ಮನಿಗೆ ಅದು ಪರಕೀಯ ಅನ್ನಿಸಲಿಲ್ಲ. ಅದಕ್ಕೆ ಕಾರಣ ಶಂಕರ್‌ನಾಗ್ ಮತ್ತು ಕಲಾನಿರ್ದೇಶಕ ಜಾನ್ ದೇವರಾಜ್. ಆಗುಂಬೆಯ ಬೀದಿಯನ್ನೇ ಅವರು ಬ್ರಿಟಿಷರ ಕಾಲದ ಊರು ಮಾಡಿದರು. ಅಲ್ಲಿನ ದೊಡ್ಡಮನೆಯ ಕಂಬ, ತೊಟ್ಟಿ, ಜಗಲಿಗಳಲ್ಲಿ ಎಷ್ಟೋ ಕತೆ ನಡೆದವು. ಅಮ್ಮ ಮಾತು ಬಿಟ್ಟು ಇವನ್ನೇ ನೋಡುತ್ತಿದ್ದಳು. 'ನೋಡೇ, ಒರಳು ನಮ್ಮ ಮಾಗಡಿ ಮನೇಲಿ ಇದ್ದ ಹಾಗೇ ಇದೆ.' 'ಆ ಹಿತ್ತಾಳೆ ಚೊಂಬು ನೋಡು.' ಚಿತ್ರದವರು ಪಾತ್ರೆಪಡಗವನ್ನು ಸುಳ್ಳು ಹೇಳದಂತೆ ನೋಡಿಕೊಂಡರೆ ಅರ್ಧ ಮಾತು ಬೇಕಾಗುವುದಿಲ್ಲ. ಇದು ನಾನು ಅಮ್ಮನಿಂದ ಕಲಿತ ಮೊದಲ ವಿಮರ್ಶೆ.

ತಕರಾರೂ ಅವಳದೇ. 'ಇದೇನು, ಯಾವಾಗಲೂ ಮಳೆ ಬಂದು ನಿಂತ ಹಾಗೆ ಹಸಿರು?' ಎಂದಳು ಒಂದು ದಿನ. ಬಯಲುಸೀಮೆಯ ಹೆಣ್ಣುಮಗಳ ಕಣ್ಣು ಅದು. ನಾರಾಯಣರ ಮಾಲ್ಗುಡಿಯಲ್ಲಿ ಬಿಸಿಲಿದೆ, ಧೂಳಿದೆ, ಮರಳ ದಂಡೆಯ ಸರಯೂ ನದಿ ಇದೆ. ಆಗುಂಬೆ ಮಳೆಯ ತವರು. ಪುಸ್ತಕದ ಊರಿಗೆ ಮಲೆನಾಡಿನ ತಂಪು ಬಂದಿದ್ದರಿಂದ ಅದರ ಬಡತನ ಸ್ವಲ್ಪ ಚೆಂದವಾಗಿ ಕಂಡಿತು. 'ನಲವತ್ತೈದು ರೂಪಾಯಿ ಸಂಬಳ'ದಂಥ ಕತೆಯನ್ನು ಓದಿದವರಿಗೆ ಇದು ತಿಳಿಯುತ್ತದೆ. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಎಂದ ಗುಮಾಸ್ತ, ಕೆಲಸ ಬಿಡುವ ಕಾಗದ ಬರೆದು, ಐದು ರೂಪಾಯಿ ಬಡ್ತಿಯ ಸುದ್ದಿ ಕೇಳಿ ಅದನ್ನು ವಾಪಸು ತೆಗೆದುಕೊಂಡು, ರಾತ್ರಿ ಮನೆಗೆ ಬಂದರೆ ಮಗಳು ಹಾಕಿಕೊಂಡ ಬಟ್ಟೆಯಲ್ಲೇ ಮಲಗಿ ನಿದ್ದೆ ಹೋಗಿದ್ದಾಳೆ. ನವರಂಗ್ ಟಾಕೀಸಿಗೆ ಕರೆದೊಯ್ಯುತ್ತೇನೆಂದ ಅಪ್ಪ ಪಾಳಿ ಮುಗಿಸಿ ಬರುವುದನ್ನು ಕಾಯುತ್ತಾ ಜಡೆಯ ಹೂವಿನ ಸಮೇತ ನಿದ್ದೆಹೋದ ಎಷ್ಟು ಹುಡುಗಿಯರು ನಮ್ಮ ಬೀದಿಯಲ್ಲಿರಲಿಲ್ಲ! ಆ ಕತೆಗೆ ಬೇಕಾದದ್ದು ಬಿಸಿಲು, ಬೆವರು.

ಇನ್ನು ಮಾತು. ಆ ಹಿಂದಿ ಬೀದಿಯ ಹಿಂದಿಯಲ್ಲ, ಪುಸ್ತಕದ್ದು. ನಮ್ಮ ರಂಗಭೂಮಿಯಿಂದ ಬಂದ ನಟರು ಅದನ್ನು ನಿಧಾನವಾಗಿ, ಅಕ್ಷರ ಬಿಡಿಸಿ ಆಡಿದರು. ಉತ್ತರದವರ ಕಿವಿಗೆ ಅದು ಹೇಗಿತ್ತೋ ಕಾಣೆ. ಮಧ್ಯಮ ಪಾಸಾದ ನನಗಂತೂ ವರವಾಯಿತು. ಅದಕ್ಕಿಂತ ಹೆಚ್ಚಿಗೆ, ನಾಲಿಗೆಗೆ ಪೂರ್ತಿ ಒಗ್ಗದ ಮಾತನ್ನು ಆಡುವ ನಟ ಉಳಿದದ್ದನ್ನು ಕಣ್ಣಿನಲ್ಲಿ, ಕೈಯಲ್ಲಿ, ಹೆಗಲ ಮೇಲಿನ ಟವಲಿನಲ್ಲಿ ಹೇಳಬೇಕಾಗುತ್ತದೆ. ವೈಶಾಲಿ ಕಾಸರವಳ್ಳಿಯವರನ್ನು ನೋಡಿ. ಗಂಡ ಮಗನನ್ನು ಗದರಿಸುವಾಗ ಆಕೆ ಹೆಚ್ಚು ಮಾತಾಡುವುದಿಲ್ಲ. ನಾನು ಅವರ ಮೌನವನ್ನು ಯಾರಿಗೂ ಅನುವಾದಿಸಿ ಹೇಳಬೇಕಾಗಲಿಲ್ಲ. ವಠಾರದ ಐದೂ ಮನೆಯಲ್ಲಿ ಆ ಮೌನ ಇತ್ತು.

ಹೆಂಗಸರ ಮಾತು ಬಂತು, ಹೇಳಿಬಿಡುತ್ತೇನೆ. ಮಾಲ್ಗುಡಿ ಗಂಡಸರ ಊರು. ಅಂಗಡಿ, ಕಚೇರಿ, ಶಾಲೆ, ರೈಲು ನಿಲ್ದಾಣ ಎಲ್ಲ ಕಡೆ ಗಂಡಸರು ಮಾತಾಡುತ್ತಾರೆ. ಹೆಂಗಸರು ಹೆಚ್ಚಾಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ನಾರಾಯಣರಿಗೆ ಇದು ಕಾಣುತ್ತಿರಲಿಲ್ಲ ಎನ್ನಲಾರೆ. ಆದರೆ ಕತೆಗಳು ಅವರನ್ನು ಒಳಗೆ ಹೋಗಿ ಮಾತಾಡಿಸುವುದು ಅಪರೂಪ. ಈ ಮಾತು ನನಗೆ ಹೊಳೆಸಿದ್ದು ಒಂದು ಕತೆ, 'ಕಾಣೆಯಾದ ಅಂಚೆ'. ಅದನ್ನು ನೋಡಿದ ರಾತ್ರಿ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳದೆ ಆ ಕತೆಯ ಬಗ್ಗೆ ನಾನು ಏನೂ ಹೇಳಲಾರೆ.

ತಾಣಪ್ಪ ಅಂಚೆಯವನು. ಕಾಗದ ಕೊಟ್ಟು ಹೋಗುವವನಲ್ಲ, ಕೂತು ಮನೆಯ ಸುದ್ದಿ ಕೇಳಿ ಹೋಗುವವನು. ರಾಮಾನುಜಂ ಮಗಳು ಕಾಮಾಕ್ಷಿಗೆ ಗಂಡು ಸಿಗದೆ ಕಷ್ಟಪಡುತ್ತಿದ್ದಾಗ, ಒಂದು ಸಂಬಂಧದ ಸುಳಿವು ಕೊಟ್ಟವನೂ ಅವನೇ. ಗಂಡು ದೂರದ ತರಬೇತಿಗೆ ಹೋಗಬೇಕು, ಮೇ 20ರ ಲಗ್ನ ತಪ್ಪಿದರೆ ಸಂಬಂಧ ತಪ್ಪಿದ ಹಾಗೆ. ಅದಕ್ಕೆ ಸರಿಯಾಗಿ ಸೇಲಂನಿಂದ ರಾಮಾನುಜಂನ ತಂದೆಯ ಸಹೋದರನಿಗೆ ಕಾಯಿಲೆ ಜೋರಾಗಿದೆ ಎಂದು ಕಾರ್ಡು. ಮದುವೆಯ ದಿನ ತೀರಿಕೊಂಡರು ಎಂದು ತಂತಿ. ತಾಣಪ್ಪ ಎರಡನ್ನೂ ಬಚ್ಚಿಡುತ್ತಾನೆ. ಸೂತಕ ಬಂದರೆ ಮದುವೆ ನಿಲ್ಲುತ್ತದಲ್ಲ! ಎಲ್ಲ ಮುಗಿದ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ, ನನ್ನ ಕೆಲಸ ಹೋಗಲಿ ಎನ್ನುತ್ತಾನೆ. ರಾಮಾನುಜಂ ದೂರು ಕೊಡುವುದಿಲ್ಲ. ಕತೆ ಅಷ್ಟೇ. ತಾಣಪ್ಪ ಮಾಡಿದ್ದು ಸರಿಯೋ ತಪ್ಪೋ ನಾರಾಯಣರು ಹೇಳುವುದಿಲ್ಲ.

ಈ ಕಂತು ನೋಡುವಾಗ ಅಕ್ಕನ ಮದುವೆಗೆ ಹದಿನೆಂಟು ದಿನ ಇತ್ತು. ಅಮ್ಮ ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಸಿನ ಹಚ್ಚುತ್ತಾ ಕೂತಿದ್ದಳು. ಮಾಗಡಿಯಲ್ಲಿ ನಮ್ಮ ದೊಡ್ಡ ಸೋದರಮಾವ ಹಾಸಿಗೆ ಹಿಡಿದಿದ್ದರು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರೇ ಅವರು. ಅಮ್ಮ ಆ ಮಾತು ಎತ್ತುತ್ತಿರಲಿಲ್ಲ. ಗೇಟಿನ ಶಬ್ದವಾದರೆ ಮಾತ್ರ ತಟ್ಟನೆ ತಲೆ ಎತ್ತುತ್ತಿದ್ದಳು.

ನಾನು ಎಂದಿನಂತೆ ಹೇಳುತ್ತಾ ಬಂದೆ. ಅಂಚೆಯವನ ಉಪಕಾರ, ಗಂಡಿನವರ ಆತುರ, ಎಲ್ಲ. ಕಾರ್ಡಿನ ಸುದ್ದಿಯನ್ನೂ ಹೇಳಿದೆ. ತಂತಿ ಬಂದಾಗ ನನ್ನ ನಾಲಿಗೆ ತಡೆಯಿತು.

'ಏನಂತೆ ಅದು?' ಎಂದಳು ಅಮ್ಮ.

'ಇನ್ನೊಂದು ಕಾಗದ. ಅವರಿಗೆ ಹುಷಾರಿಲ್ಲ, ಬನ್ನಿ ಅಂತ.'

'ಆಮೇಲೆ?'

'ಆಮೇಲೆ ಹುಷಾರಾದರಂತೆ. ತಡವಾಗಿ ಕೊಟ್ಟಿದ್ದಕ್ಕೆ ಅಂಚೆಯವನು ತಪ್ಪಾಯ್ತು ಅಂತಿದ್ದಾನೆ.'

ಅಮ್ಮ ಏನೂ ಅನ್ನಲಿಲ್ಲ. ಮುಂದಿನ ಪತ್ರಿಕೆ ತೆಗೆದುಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ಒಂದು ಮಾತು ಕೇಳಿದಳು: 'ಆ ಹುಡುಗಿಯನ್ನ ಯಾರೂ ಏನೂ ಕೇಳಲ್ವೇನೇ?' ನಾನು ಉತ್ತರ ಕೊಡಲಿಲ್ಲ. ನನ್ನ ಸುಳ್ಳಿನ ಗಡಿಬಿಡಿ ನನಗೆ.

ಹೀಗೆ ನಾನು ಕಾರ್ಡು ಕೊಟ್ಟು ತಂತಿ ಬಚ್ಚಿಟ್ಟೆ. ತಾಣಪ್ಪನ ಕತೆ ಹೇಳುತ್ತಾ ನಾನೇ ತಾಣಪ್ಪನಾದೆ. ಮಾವ ಆ ಮದುವೆಗೆ ಬಂದರು. ಕುರ್ಚಿಯಲ್ಲಿ ಕೂತೇ ಅಕ್ಕನ ಕೈಹಿಡಿದು ಮಂಟಪಕ್ಕೆ ಬಿಟ್ಟುಕೊಟ್ಟರು. ಅದೇ ವರ್ಷ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ನನ್ನ ಸುಳ್ಳಿನ ವಿಷಯ ಯಾರಿಗೂ ನೆನಪಿರಲಿಲ್ಲ, ನನ್ನ ಹೊರತು.

ಪಕ್ಕದಲ್ಲಿ ಕೂತು ಹೇಳುವವರ ದೊಡ್ಡ ದೋಷ ಇದೇ ನೋಡಿ. ಅವರು ಜೊತೆ ಕೊಡುತ್ತಾರೆ, ಧೈರ್ಯ ಕೊಡುತ್ತಾರೆ. ಆದರೆ ಯಾವುದನ್ನು ದಾಟಿಸಬೇಕು, ಯಾವುದನ್ನು ನುಂಗಬೇಕು ಎಂಬುದೂ ಅವರ ಕೈಯಲ್ಲಿರುತ್ತದೆ. ಬಿಬಿಸಿಯ ಮಕ್ಕಳಿಗೆ ಆ ಜರ್ಮನ್ ರಾಜಕುಮಾರಿ ನಿಜವಾಗಿ ಏನೆಲ್ಲ ಅಂದಳೋ ಗೊತ್ತಾಗುವಂತಿರಲಿಲ್ಲ, ಕತೆಗಾರ ಅಂದದ್ದೇ ಗೊತ್ತು. ಎಷ್ಟೇ ಪ್ರೀತಿಯಿಂದ ಹೇಳಿದರೂ ಕೇಳುವವರು ಹೇಳುವವರ ಹಂಗಿನಲ್ಲಿರುತ್ತಾರೆ. ಕತೆಯನ್ನು ತನ್ನ ಭಾಷೆಯಲ್ಲಿ, ತನ್ನ ಕಿವಿಯಿಂದಲೇ ಕೇಳುವ ಹಕ್ಕು ಬೇರೆಯದೇ.

ಆ ಹಕ್ಕು ನಮಗೆ ಸಿಕ್ಕದೆ ಇದ್ದುದಕ್ಕೆ ಕಾರಣ ಬರೀ ದೆಹಲಿಯಲ್ಲಿ ಇರಲಿಲ್ಲ. 1960ರ ದಶಕದಿಂದ ಕನ್ನಡದಲ್ಲಿ ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡಿತ್ತು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡ ಮಾತು ತುಂಬಿ ಬಿಟ್ಟರೆ ನಮ್ಮ ಕಲಾವಿದರ, ತಂತ್ರಜ್ಞರ ಅನ್ನ ಹೋಗುತ್ತದೆ, ಕನ್ನಡ ಚಿತ್ರವೇ ಬೆಳೆಯುವುದಿಲ್ಲ ಎಂಬ ಭಯ ಅದರ ಹಿಂದೆ. ಆ ಭಯ ಸುಳ್ಳಲ್ಲ. ಆದರೆ ಆ ಕಟ್ಟುಪಾಡಿನ ಬೆಲೆಯನ್ನು ತೆತ್ತವರಲ್ಲಿ ಎರಡನೇ ಮನೆಯ ಅಜ್ಜಿಯೂ ಒಬ್ಬರು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇಂಥ ತಡೆ ಸಲ್ಲದು ಎಂದಿತು. 2020ರಲ್ಲಿ ಕೊರೋನಾದಿಂದ ಊರೆಲ್ಲ ಬಾಗಿಲು ಹಾಕಿ ಕೂತಿದ್ದಾಗ, ಹೊಸ ಕಂತುಗಳ ಚಿತ್ರೀಕರಣ ನಿಂತಿದ್ದ ಹೊತ್ತಿನಲ್ಲಿ, ಜೀ ಕನ್ನಡ ವಾಹಿನಿಯಲ್ಲಿ 'ಮಾಲ್ಗುಡಿ ಡೇಸ್' ಕನ್ನಡ ಮಾತಿನಲ್ಲಿ ಬಂತು.

ಆ ಹೊತ್ತಿಗೆ ಎಷ್ಟೋ ಬದಲಾಗಿತ್ತು. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು. ಇನ್ನೂ ಮೂವತ್ತಾರು ತುಂಬಿರಲಿಲ್ಲ. ವಿಜಯನಗರ, ರಾಜಾಜಿನಗರದ ಆಟೋ ನಿಲ್ದಾಣಗಳಲ್ಲಿ ಇವತ್ತಿಗೂ ಅವರ ಪಟಕ್ಕೆ ಹಾರ ಬೀಳುತ್ತದೆ. ನಾರಾಯಣರು 2001ರಲ್ಲಿ ಹೋದರು. 2006ರಲ್ಲಿ ಕವಿತಾ ಲಂಕೇಶ್ ಇನ್ನಷ್ಟು ಕಂತುಗಳನ್ನು ತೆಗೆದಿದ್ದರು. ವಠಾರವನ್ನು ಕೆಡವಿ ನಾಲ್ಕು ಅಂತಸ್ತು ಎದ್ದಿತ್ತು. ನಾನು ಬಸವೇಶ್ವರನಗರದಲ್ಲಿದ್ದೆ, ಎಂಬತ್ತು ದಾಟಿದ ಅಮ್ಮ ನನ್ನ ಜೊತೆಗಿದ್ದಳು.

ಕನ್ನಡದಲ್ಲಿ ಮೊದಲ ಕಂತು ನೋಡಿದ ದಿನ ಅಮ್ಮ ಮಗುವಿನ ಹಾಗೆ ಖುಷಿಪಟ್ಟಳು. 'ಈಗ ಸರಿಹೋಯ್ತು ನೋಡು, ಬಾಯಿ ಬಂತು ಇವರಿಗೆ' ಎಂದಳು. ತುಟಿಗೂ ಮಾತಿಗೂ ಹೊಂದುವುದಿಲ್ಲ ಎಂದು ನಾನು ಕೊಂಕು ತೆಗೆದೆ. 'ನೀನು ಹೇಳ್ತಿದ್ದಾಗ ಹೊಂದುತ್ತಿತ್ತಾ?' ಎಂದು ಬಾಯಿ ಮುಚ್ಚಿಸಿದಳು. ಪಕ್ಕದಲ್ಲಿ ನನಗೆ ಕೆಲಸವಿರಲಿಲ್ಲ. ಅವಳು ಅವಳಾಗಿ ನಕ್ಕಳು, ಅವಳಾಗಿ ಬೈದಳು. ಕಳೆದುಕೊಂಡದ್ದೇನಾದರೂ ಇದ್ದರೆ ಅದು ನಾನು, ಅವಳಲ್ಲ.

ಹಾಗೇ ಒಂದು ದಿನ ತಾಣಪ್ಪ ಬಂದ. ನಾನು ಎದ್ದು ಹೋಗೋಣವೇ ಅಂದುಕೊಂಡೆ, ಕಾಲು ಬರಲಿಲ್ಲ. ತಂತಿ ಬಂತು, ಸಾವಿನ ಸುದ್ದಿ ಸ್ಪಷ್ಟವಾಗಿ ಕನ್ನಡದಲ್ಲಿ ಕೇಳಿತು. ನಾನು ಅಮ್ಮನ ಕಡೆ ನೋಡಲಿಲ್ಲ.

ಜಾಹೀರಾತು ಬಂದಾಗ ಅವಳೇ ಮಾತು ತೆಗೆದಳು. 'ಅವತ್ತು ಹುಷಾರಾದರು ಅಂದಿದ್ದೆ.'

'ನಿಂಗೆ ಜ್ಞಾಪಕ ಇದೆಯಾ ಅಮ್ಮ?'

'ಅವತ್ತೇ ಗೊತ್ತಿತ್ತು ಕಣೇ. ಹುಷಾರಾದ ಸುದ್ದಿ ಓದಿ ಯಾರಾದರೂ ಹಾಗೆ ಕೂತುಬಿಡ್ತಾರಾ? ಆ ಅಂಚೆಯವನ ಮುಖ ನೋಡಿದ್ರೆ ತಿಳಿಯಲ್ವಾ? ಭಾಷೆ ಬರದಿದ್ದರೆ ಕಣ್ಣೂ ಇಲ್ವಾ ನನಗೆ?'

'ಮತ್ತೆ ಕೇಳಲೇ ಇಲ್ಲ ನೀನು.'

'ಬಾಗಿಲಲ್ಲಿ ನಿಮ್ಮಕ್ಕ ನಿಂತಿದ್ದಳು. ನಾನು ಅತ್ತರೆ ಅವಳಿಗೆ ಗೊತ್ತಾಗ್ತಿತ್ತು. ಮದುವೆ ಹುಡುಗಿ. ಅದಕ್ಕೇ ಸುಮ್ಮನಾದೆ.'

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಅಮ್ಮನಿಂದ ಏನೋ ಬಚ್ಚಿಟ್ಟೆ ಎಂದುಕೊಂಡಿದ್ದೆ. ಅಮ್ಮ ಅದನ್ನು ತಿಳಿದೂ ಅಕ್ಕನಿಂದ ಬಚ್ಚಿಟ್ಟಿದ್ದಳು. ನನಗೆ ನಾಚಿಕೆಯಾದರೂ, ವಿಮರ್ಶೆ ಬರೆಯುವವಳಾಗಿ ಒಂದು ಮಾತು ಹೇಳಬೇಕು. ನನ್ನ ಸುಳ್ಳನ್ನು ಹಿಡಿದುಕೊಟ್ಟದ್ದು ಶಂಕರ್‌ನಾಗ್ ತೆಗೆದ ಚಿತ್ರ. ಮಾತನ್ನು ಯಾರು ಹೇಗೆ ತಿರುಗಿಸಿದರೂ ಮುಖ ನಿಜ ಹೇಳುವಂತೆ ಅವರು ತೆಗೆದಿದ್ದರು. ಹಿಂದಿಯಾಗಲಿ, ಇಂಗ್ಲಿಷಾಗಲಿ, ನಾನಾಗಲಿ ಅದನ್ನು ಕೆಡಿಸಲು ಆಗಲಿಲ್ಲ. ಆದರೂ ಮುಖದಿಂದ ಊಹಿಸಿ ತಿಳಿಯುವುದು ಬೇರೆ, ತನ್ನ ಮಾತಿನಲ್ಲಿ ಕೇಳಿ ತಿಳಿಯುವುದು ಬೇರೆ. ಅಮ್ಮ ಮೊದಲನೆಯದನ್ನು ಒಬ್ಬಳೇ ನುಂಗಿಕೊಂಡಳು. ಎರಡನೆಯದು ಬಂದ ಮೇಲೆ ಅದರ ಬಗ್ಗೆ ನನ್ನ ಜೊತೆ ಮಾತಾಡಿದಳು. ಕನ್ನಡದ ಮಾಲ್ಗುಡಿ ಬೇಕಿತ್ತೇ ಎಂದು ಕೇಳುವವರಿಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಆ ಭಾನುವಾರ ಅಕ್ಕನ ಫೋನು ಬಂದಾಗ ನಾನು ಎಲ್ಲವನ್ನೂ ಹೇಳಿದೆ. ಅಮ್ಮ ಪಕ್ಕದಲ್ಲಿ ಕೂತು 'ಅದೆಲ್ಲ ಯಾಕೆ ಈಗ' ಎನ್ನುತ್ತಿದ್ದಳು. ಅಕ್ಕ ಮೊದಲು ನಕ್ಕಳು. ಆಮೇಲೆ ಸುಮ್ಮನಾದಳು. ಫೋನು ಕಡಿದುಹೋಯಿತೇನೋ ಎಂದು ನಾನು ಹಲೋ ಹಲೋ ಎಂದೆ.

'ಇದ್ದೀನಿ ಕಣೇ' ಎಂದಳು. 'ಕೊನೆಗೆ ಆ ಹುಡುಗಿಗೆ ಯಾರಾದರೂ ಹೇಳಿದ್ರಾ?'

ಫೋನಿಟ್ಟ ಮೇಲೆ ನಾನು ಪುಸ್ತಕ ತೆಗೆದು ಆ ಕತೆಯನ್ನು ಮತ್ತೆ ಓದಿದೆ. ತಾಣಪ್ಪ ಇದ್ದಾನೆ, ರಾಮಾನುಜಂ ಇದ್ದಾನೆ, ಕಾರ್ಡು ಇದೆ, ತಂತಿ ಇದೆ. ಕಾಮಾಕ್ಷಿ ಗಂಡನ ಮನೆಗೆ ಹೋಗಿಯಾಗಿದೆ. ಅವಳಿಗೆ ಯಾರಾದರೂ ಹೇಳಿದರೋ ಇಲ್ಲವೋ, ಅದು ಎಲ್ಲೂ ಇಲ್ಲ.